ಗಾಲಿ ಮನೆಗೆ ಕರೆಂಟಿನ ಕಾವಲು

ಬೇಸಿಗೆ ರಜೆ ಬಂತೆಂದರೆ ಅಮೆರಿಕದ ಹೆದ್ದಾರಿಗಳಲ್ಲಿ ಮನೆಗಳೇ ಪ್ರಯಾಣ ಹೊರಡುತ್ತವೆ. ಬಸ್ಸಿನಷ್ಟು ಉದ್ದದ ವಾಹನ. ಒಳಗೆ ಅಡುಗೆ ಒಲೆ, ಫ್ರಿಜ್ಜು, ಮಂಚ, ಬಚ್ಚಲು. ಚಾವಣಿಯ ಮೇಲೊಂದು ಏರ್ ಕಂಡೀಷನರ್. ಕೆಲವು ತಮ್ಮದೇ ಎಂಜಿನ್ನಿನಿಂದ ಓಡುತ್ತವೆ, ಇನ್ನು ಕೆಲವನ್ನು ದೊಡ್ಡ ಕಾರಿನ ಹಿಂದೆ ಕಟ್ಟಿ ಎಳೆದೊಯ್ಯುತ್ತಾರೆ. ‘ರಿಕ್ರಿಯೇಷನಲ್ ವೆಹಿಕಲ್’ ಎಂಬ ಉದ್ದನೆಯ ಹೆಸರನ್ನು ಮೊಟಕು ಮಾಡಿ ಅಲ್ಲಿಯವರು ‘ಆರ್‌ವಿ’ ಎನ್ನುತ್ತಾರೆ. ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಎಂಬ ಊರು ಇವುಗಳ ತವರುಮನೆ. ಮಕ್ಕಳನ್ನು ನೋಡಲೆಂದು ಕರ್ನಾಟಕದಿಂದ ಹೋದ ಅಪ್ಪ ಅಮ್ಮಂದಿರೂ ಒಂದು ವಾರದ ಮಟ್ಟಿಗೆ ಇಂಥದೊಂದು ಗಾಲಿ ಮನೆಯನ್ನು ಬಾಡಿಗೆಗೆ ಹಿಡಿದು, ಮೊಮ್ಮಕ್ಕಳೊಂದಿಗೆ ಗ್ರ್ಯಾಂಡ್ ಕ್ಯಾನಿಯನ್, ಯೆಲ್ಲೊಸ್ಟೋನ್ ಎಂದು ಸುತ್ತಿ ಬರುವುದುಂಟು.

ಸಂಜೆಯಾದಂತೆ ಈ ವಾಹನಗಳು ತಂಗುದಾಣ ಸೇರುತ್ತವೆ. ‘ಕ್ಯಾಂಪ್‌ಗ್ರೌಂಡ್’ ಎಂಬ ಈ ಬಯಲುಗಳು ಆ ದೇಶದ ತುಂಬ ಇವೆ. 1962ರಲ್ಲಿ ಮೊಂಟಾನಾದ ಬಿಲ್ಲಿಂಗ್ಸ್‌ನಲ್ಲಿ ಆರಂಭವಾದ ‘ಕೆಓಎ’ ಎಂಬ ಸಂಸ್ಥೆಯೊಂದೇ ನೂರಾರು ತಂಗುದಾಣಗಳನ್ನು ಹೊಂದಿದೆ. ಪ್ರತಿಯೊಂದು ವಾಹನಕ್ಕೂ ಗುರುತು ಹಾಕಿದ ಜಾಗ, ಪಕ್ಕದಲ್ಲಿ ನೀರಿನ ನಲ್ಲಿ, ಸೊಂಟದೆತ್ತರದ ಗೂಟವೊಂದರ ಮೇಲೆ ಕರೆಂಟಿನ ಪೆಟ್ಟಿಗೆ. ವಾಹನದ ಹೊಟ್ಟೆಯಿಂದ ಹೆಬ್ಬೆರಳು ಗಾತ್ರದ ಕೇಬಲ್ಲನ್ನು ಎಳೆದು ಆ ಪೆಟ್ಟಿಗೆಗೆ ಸಿಕ್ಕಿಸಿದರೆ ಆಯಿತು. ಗಾಲಿ ಮನೆಯಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಏರ್ ಕಂಡೀಷನರ್ ಗುಂಯ್‌ಗುಡುತ್ತದೆ.

ಹೊಸದಾಗಿ ಆರ್‌ವಿ ಕೊಂಡವರಿಗೆ ಅಂಗಡಿಯವನು ಒಂದು ಸಲಹೆ ಕೊಡುತ್ತಾನೆ: ಕೇಬಲ್ಲಿಗೂ ಪೆಟ್ಟಿಗೆಗೂ ನಡುವೆ ‘ಸರ್ಜ್ ಪ್ರೊಟೆಕ್ಟರ್’ ಇರಲಿ. ನೂರು ಡಾಲರಿನ ಸುಮಾರಿಗೆ ಒಂದು, ಅದರ ಮೂರು ನಾಲ್ಕು ಪಟ್ಟು ಬೆಲೆಗೆ ಇನ್ನೊಂದು. ಇದು ನಿಜಕ್ಕೂ ಬೇಕೆ, ಅಥವಾ ವ್ಯಾಪಾರದ ಮಾತೆ? ಬೇಕಾದರೆ ಯಾವುದು? ಹೈಸ್ಕೂಲಿನಲ್ಲಿ ಓಮನ ನಿಯಮ ಕಲಿತ ವಿದ್ಯಾರ್ಥಿಯೊಬ್ಬ ಕಾಗದ ಪೆನ್ಸಿಲು ಹಿಡಿದು ಕುಳಿತರೆ ಅಂಗಡಿಯವನಿಗಿಂತ ಚೆನ್ನಾಗಿ ಉತ್ತರಿಸಬಲ್ಲ.

ಮೊದಲು ‘ಸರ್ಜ್’ ಎಂದರೇನು ನೋಡೋಣ. ವಿದ್ಯುತ್ತಿನ ವೋಲ್ಟೇಜು ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು, ಸೆಕೆಂಡಿನ ದಶಲಕ್ಷದ ಕೆಲವೇ ಭಾಗಗಳಷ್ಟು ಕಾಲ, ಸಾವಿರಾರು ವೋಲ್ಟುಗಳಿಗೆ ಚಿಮ್ಮಿ ಇಳಿಯುವುದೇ ಸರ್ಜ್. ಹತ್ತಿರದಲ್ಲಿ ಸಿಡಿಲು ಬಡಿದಾಗ, ದೊಡ್ಡ ಮೋಟಾರು ಒಮ್ಮೆಲೆ ನಿಂತಾಗ, ವಿದ್ಯುತ್ ಕಂಪನಿಯವರು ಲೈನು ಬದಲಿಸಿದಾಗ ಇಂಥ ಚಿಮ್ಮುಗಳು ಹುಟ್ಟುತ್ತವೆ. ಇವನ್ನು ತಡೆಯುವ ವಸ್ತು ನೋಡಲು ಬಟನ್ನಿನಂಥ ಒಂದು ಬಿಲ್ಲೆ. ಅದರ ಹೆಸರು ವ್ಯಾರಿಸ್ಟರ್. ಸತುವಿನ ಆಕ್ಸೈಡಿನ ಹರಳುಗಳನ್ನು ಸುಟ್ಟು ಮಾಡಿದ ಪಿಂಗಾಣಿ ಅದು. ಜಪಾನಿನ ಮತ್ಸುಶಿತ ಕಂಪನಿಯ ಮಿಚಿಯೊ ಮತ್ಸುವೊಕ ಇದರ ವಿಚಿತ್ರ ಗುಣವನ್ನು 1971ರಲ್ಲಿ ಪ್ರಕಟಿಸಿದ. ಸಾಮಾನ್ಯ ವೋಲ್ಟೇಜಿನಲ್ಲಿ ಬಿಲ್ಲೆ ಕಲ್ಲಿನಂತೆ ಸುಮ್ಮನಿರುತ್ತದೆ, ಕರೆಂಟನ್ನು ಹರಿಯಗೊಡುವುದಿಲ್ಲ. ವೋಲ್ಟೇಜು ಒಂದು ಗಡಿ ದಾಟಿತೋ, ಹರಳುಗಳ ನಡುವಿನ ಗೋಡೆಗಳೆಲ್ಲ ಒಮ್ಮೆಗೇ ಬಾಗಿಲು ತೆರೆದಂತಾಗಿ, ಹೆಚ್ಚುವರಿ ವಿದ್ಯುತ್ತು ಉಪಕರಣಗಳ ಕಡೆ ಹೋಗುವ ಬದಲು ಬಿಲ್ಲೆಯ ಮೂಲಕ ಹಾಯ್ದುಬಿಡುತ್ತದೆ. ಕೆರೆ ತುಂಬಿದಾಗ ಕೋಡಿ ಹರಿಯುವುದಿಲ್ಲವೆ, ಹಾಗೆ.

ಆದರೆ ಕೋಡಿಗೂ ಒಂದು ಅಳತೆ ಉಂಟು. ಆರ್‌ವಿಗಳಿಗೆ ಮಾರುವ ಸರ್ಜ್ ಪ್ರೊಟೆಕ್ಟರುಗಳ ಮೇಲೆ ಸಾವಿರದಿಂದ ನಾಲ್ಕು ಸಾವಿರ ‘ಜೂಲ್’ ಎಂದು ಬರೆದಿರುತ್ತದೆ. ಅಷ್ಟು ಶಕ್ತಿಯನ್ನು ಅವು ನುಂಗಬಲ್ಲವು ಎಂದರ್ಥ. ಒಂದು ಸಿಡಿಲಿನ ಒಟ್ಟು ಶಕ್ತಿ ಸುಮಾರು ನೂರು ಕೋಟಿ ಜೂಲ್. ಅದರ ಬಹುಪಾಲು ಗಾಳಿಯನ್ನು ಕಾಯಿಸುವುದರಲ್ಲಿ, ಗುಡುಗುವುದರಲ್ಲಿ ಖರ್ಚಾಗಿ ಹೋದರೂ, ನೇರವಾಗಿ ಬಡಿದ ಸಿಡಿಲನ್ನು ಬಟನ್ನಿನಂಥ ಬಿಲ್ಲೆ ತಡೆದೀತೆಂದು ನಂಬುವುದು ಬೀಸಣಿಗೆಯಿಂದ ಬಿರುಗಾಳಿ ತಡೆಯಲು ನಿಂತಂತೆ. ಗುಡುಗು ಕೇಳಿದಾಗ ಕೇಬಲ್ ಕಿತ್ತಿಡುವುದೇ ಅಲ್ಲಿ ಉಪಾಯ. ಅದೂ ಸಿಡಿಲು ತಲೆಯ ಮೇಲೆ ಬರುವ ಮೊದಲೇ. ವ್ಯಾರಿಸ್ಟರಿನ ಇನ್ನೊಂದು ಸ್ವಭಾವವನ್ನು ಅಂಗಡಿಯವನು ಹೇಳುವುದು ಕಡಿಮೆ. ನುಂಗಿದ ಪ್ರತಿಯೊಂದು ಚಿಮ್ಮಿನಿಂದಲೂ ಅದು ಒಂದಿಷ್ಟು ಸವೆಯುತ್ತದೆ. ಐದು ವರ್ಷ ಹಳೆಯ ಪ್ರೊಟೆಕ್ಟರಿನಲ್ಲಿ ಎಷ್ಟು ಜೀವ ಉಳಿದಿದೆಯೆಂಬುದನ್ನು ಹೊರಗಿನಿಂದ ನೋಡಿ ಹೇಳಲಾಗದು. ತೀರ ಕೆಟ್ಟಾಗ ಕೆಲವುಗಳಲ್ಲಿ ಒಂದು ದೀಪ ಆರುತ್ತದೆ, ಅಷ್ಟೆ.

ಇಲ್ಲಿಗೇ ನಿಲ್ಲಿಸಿದರೆ, ನೂರು ಡಾಲರು ಕೊಟ್ಟು ಸಣ್ಣ ಪುಟ್ಟ ಚಿಮ್ಮುಗಳಿಂದ ಪಾರಾಗೋಣ ಎಂಬ ತೀರ್ಮಾನಕ್ಕೆ ಬರಬಹುದು. ಆದರೆ ತಂಗುದಾಣಗಳಲ್ಲಿ ಗಾಲಿ ಮನೆಯ ಉಪಕರಣಗಳನ್ನು ಸುಡುವ ಮುಖ್ಯ ಕಳ್ಳ ಸರ್ಜ್ ಅಲ್ಲವೇ ಅಲ್ಲ. ಅವನು ಆ ಪೆಟ್ಟಿಗೆಯೊಳಗೇ ಕುಳಿತಿರುತ್ತಾನೆ.

ಊರಲ್ಲಿರುವ ಮನೆಗೆ ಒಮ್ಮೆ ವೈರಿಂಗ್ ಮಾಡಿಸಿದರೆ ಇಪ್ಪತ್ತು ಮೂವತ್ತು ವರ್ಷ ಅದೇ ತಂತಿ, ಅದೇ ಸ್ಕ್ರೂ. ತಂಗುದಾಣದ ಪೆಟ್ಟಿಗೆಯ ಪಾಡು ಬೇರೆ. ವಾರಕ್ಕೆ ಮೂರು ನಾಲ್ಕು ಬಾರಿ ಯಾರೋ ಬಂದು ಪ್ಲಗ್ ಸಿಕ್ಕಿಸುತ್ತಾರೆ, ಯಾರೋ ಕೀಳುತ್ತಾರೆ. ಏರ್ ಕಂಡೀಷನರ್ ಓಡುತ್ತಿರುವಾಗಲೇ ಎಳೆಯುವವರಿದ್ದಾರೆ. ಆಗ ಒಳಗೆ ಕಿಡಿ ಹಾರಿ ಹಿತ್ತಾಳೆ ಸುಡುತ್ತದೆ. ಬಿಸಿಲು, ಮಳೆ, ಹಿಮ, ಒಳಗೆ ಗೂಡು ಕಟ್ಟುವ ಇರುವೆ ಮತ್ತು ಕಣಜ, ಹಿಂದೆ ಸರಿಯುವಾಗ ಗೂಟಕ್ಕೆ ತಾಗಿಸುವ ಚಾಲಕರು. ಸಾಕೆಟ್ಟಿನ ಹಿಡಿತ ಸಡಿಲವಾಗುತ್ತದೆ, ಸ್ಕ್ರೂಗಳು ಬಿಚ್ಚಿಕೊಳ್ಳುತ್ತವೆ. ಗಾಲಿ ಮನೆಯವನಾದರೋ ಪ್ರತಿ ರಾತ್ರಿಯೂ ಯಾರು ಯಾವಾಗ ಹಾಕಿದರೆಂದು ಗೊತ್ತಿಲ್ಲದ ಹೊಸ ತಂತಿಯನ್ನು ನಂಬಿ ಮಲಗಬೇಕು.

ಸಡಿಲವಾದ ಒಂದು ಸ್ಕ್ರೂ ಏನು ಮಾಡಬಲ್ಲದು? ಇದಕ್ಕೆ ಅಮೆರಿಕದ ವಿದ್ಯುತ್ ವ್ಯವಸ್ಥೆಯನ್ನು ತುಸು ತಿಳಿಯಬೇಕು. ಅಲ್ಲಿನ ಮನೆಗಳಿಗೆ ಬರುವುದು 240 ವೋಲ್ಟ್. ಆದರೆ ಟ್ರಾನ್ಸ್‌ಫಾರ್ಮರಿನ ಸುರುಳಿಯನ್ನು ಸರಿಯಾಗಿ ಮಧ್ಯದಲ್ಲಿ ತಟ್ಟಿ ಅಲ್ಲಿಂದ ನ್ಯೂಟ್ರಲ್ ತಂತಿಯನ್ನು ತೆಗೆದಿರುತ್ತಾರೆ. ಆದ್ದರಿಂದ ಒಂದೊಂದು ಬದಿಯ ತಂತಿಗೂ ನ್ಯೂಟ್ರಲ್ಲಿಗೂ ನಡುವೆ 120 ವೋಲ್ಟ್. ದೀಪ, ಟೀವಿ, ಮೈಕ್ರೊವೇವ್ ಒಲೆ ಎಲ್ಲವೂ ಈ 120ರಲ್ಲೇ ನಡೆಯುತ್ತವೆ. ದೊಡ್ಡ ಆರ್‌ವಿಗಳ ಪ್ಲಗ್ಗಿಗೆ ನಾಲ್ಕು ಕಡ್ಡಿ: ಎರಡು ಬದಿಯ ತಂತಿಗಳು, ಒಂದು ನ್ಯೂಟ್ರಲ್, ಒಂದು ಅರ್ತ್. ಒಂದೊಂದು ಬದಿಯಿಂದ 50 ಆಂಪಿಯರ್. ಒಟ್ಟು 12,000 ವಾಟ್. ಸಣ್ಣ ಆರ್‌ವಿಗಳದು ಮೂರು ಕಡ್ಡಿಯ 30 ಆಂಪಿಯರ್ ಪ್ಲಗ್ಗು, 3,600 ವಾಟ್.

ಈಗ ಪೆನ್ಸಿಲು ಕೈಗೆ ಬರಲಿ. ದೊಡ್ಡ ಆರ್‌ವಿಯೊಂದರಲ್ಲಿ ಒಂದು ಬದಿಗೆ 1,440 ವಾಟಿನ ಹೀಟರ್ ಹಚ್ಚಿದ್ದಾರೆ ಎನ್ನಿ. 120 ವೋಲ್ಟಿನಲ್ಲಿ ಅದರ ರೋಧ 10 ಓಮ್. ಇನ್ನೊಂದು ಬದಿಗೆ 100 ವಾಟಿನ ಹಳೆಯ ಬಗೆಯ ಬಲ್ಬು. ರೋಧ 144 ಓಮ್. ನ್ಯೂಟ್ರಲ್ ಗಟ್ಟಿಯಾಗಿರುವವರೆಗೆ ಎರಡಕ್ಕೂ ತಲಾ 120 ವೋಲ್ಟ್, ಯಾವ ತಕರಾರೂ ಇಲ್ಲ. ಪೆಟ್ಟಿಗೆಯಲ್ಲಿ ನ್ಯೂಟ್ರಲ್ಲಿನ ಸ್ಕ್ರೂ ಬಿಚ್ಚಿತು. ಕರೆಂಟಿಗೆ ಹಿಂದಿರುಗಲು ಮಧ್ಯದ ದಾರಿಯಿಲ್ಲ. ಈಗ ಅದು ಒಂದು ಬದಿಯಿಂದ ಹೊರಟು ಹೀಟರನ್ನೂ ಬಲ್ಬನ್ನೂ ಒಂದರ ಹಿಂದೊಂದರಂತೆ ಹಾಯ್ದು ಇನ್ನೊಂದು ಬದಿ ಸೇರಬೇಕು. ಒಟ್ಟು ರೋಧ 154 ಓಮ್, ಒಟ್ಟು ವೋಲ್ಟೇಜು 240. ಭಾಗಿಸಿದರೆ ಸುಮಾರು 1.56 ಆಂಪಿಯರ್. ಹೀಟರಿಗೆ ಸಿಗುವುದು ಸುಮಾರು 15.6 ವೋಲ್ಟ್, ಅದು ಉಗುರುಬೆಚ್ಚಗೂ ಆಗದು. ಬಲ್ಬಿನ ಪಾಲಿಗೆ ಬರುವುದು 224 ವೋಲ್ಟ್! ನೂರು ವಾಟಿನದು ಮುನ್ನೂರೈವತ್ತು ವಾಟಿನಂತೆ ಒಮ್ಮೆ ಝಗ್ಗನೆ ಬೆಳಗಿ ಸಾಯುತ್ತದೆ. ಹೆಚ್ಚು ದುಡಿಯುವ ಯಂತ್ರ ಬದುಕುತ್ತದೆ, ಕಡಿಮೆ ವಿದ್ಯುತ್ ಕೇಳುವ ಸಾಧು ಯಂತ್ರವೇ ಸುಟ್ಟುಹೋಗುತ್ತದೆ. ಆ ಬದಿಯಲ್ಲಿ ಬಲ್ಬಿನ ಜೊತೆಗೆ ಮೈಕ್ರೊವೇವ್, ಬ್ಯಾಟರಿ ಚಾರ್ಜರು, ಫ್ರಿಜ್ಜಿನ ಎಲೆಕ್ಟ್ರಾನಿಕ್ ಹಲಗೆ ಇದ್ದರೆ, ಒಂದು ಸತ್ತ ಹಾಗೆ ಆ ಬದಿಯ ರೋಧ ಏರಿ, ಉಳಿದವುಗಳ ಮೇಲಿನ ವೋಲ್ಟೇಜು ಇನ್ನಷ್ಟು ಹೆಚ್ಚುತ್ತದೆ. ಲ್ಯಾಪ್‌ಟಾಪಿನ ಅಡಾಪ್ಟರು ಮಾತ್ರ ಪಾರಾಗಬಹುದು. ಅದರ ಬೆನ್ನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ, ಓದಿ ನೋಡಬಹುದು.

ಕರ್ನಾಟಕದ ಹಳ್ಳಿಗಳವರಿಗೆ ಈ ಕಥೆ ಹೊಸದೇನಲ್ಲ. ಇಲ್ಲಿನದು ಮೂರು ಫೇಸಿನ ವ್ಯವಸ್ಥೆ. ಫೇಸಿಗೂ ನ್ಯೂಟ್ರಲ್ಲಿಗೂ 230 ವೋಲ್ಟ್, ಫೇಸು ಫೇಸಿನ ನಡುವೆ 400. ಗಾಳಿ ಮಳೆಗೆ ಕಂಬದ ಮೇಲೆ ನ್ಯೂಟ್ರಲ್ ಕಡಿದ ರಾತ್ರಿ ಒಂದು ಸಾಲಿನ ಮನೆಗಳಲ್ಲಿ ದೀಪ ಮಂಕಾಗಿ, ಇನ್ನೊಂದು ಸಾಲಿನ ಮನೆಗಳಲ್ಲಿ ಟೀವಿ, ಫ್ಯಾನು ಸುಟ್ಟ ವಾಸನೆ ಬರುವುದನ್ನು ಕಂಡವರು ಅನೇಕರು. ‘ಹೈ ವೋಲ್ಟೇಜ್ ಬಂತು’ ಎನ್ನುತ್ತಾರೆ. ಬಂದದ್ದು ಹೊರಗಿನಿಂದಲ್ಲ, ಇದ್ದ ವೋಲ್ಟೇಜೇ ತಪ್ಪು ಪಾಲಾಗಿ ಹಂಚಿಕೆಯಾಯಿತು. ಲೆಕ್ಕ ಎರಡೂ ದೇಶಗಳಲ್ಲಿ ಒಂದೇ.

ನೂರು ಡಾಲರಿನ ಸರ್ಜ್ ಪ್ರೊಟೆಕ್ಟರು ಇಲ್ಲಿ ಏನು ಮಾಡೀತು? ಅದು ಸೆಕೆಂಡಿನ ದಶಲಕ್ಷದ ಭಾಗದಷ್ಟು ಹೊತ್ತಿನ ಚಿಮ್ಮಿಗೆಂದು ಹುಟ್ಟಿದ್ದು. ನಿಮಿಷಗಟ್ಟಲೆ ನಿಲ್ಲುವ 224 ವೋಲ್ಟು ಕೆಲವು ಬಿಲ್ಲೆಗಳ ಗಡಿಯನ್ನೇ ಮುಟ್ಟುವುದಿಲ್ಲ. ಅವು ಸುಮ್ಮನೆ ನೋಡುತ್ತ ಕೂರುತ್ತವೆ. ಗಡಿ ಮುಟ್ಟಿದರೆ ಬಿಲ್ಲೆ ನಿರಂತರ ಕರೆಂಟು ಹಾಯಿಸಿ, ಕಾದು, ತಾನೇ ಸುಡುತ್ತದೆ. ಹಾಗೆ ಕಾದಾಗ ಅದನ್ನು ಸರ್ಕ್ಯೂಟಿನಿಂದ ಬೇರ್ಪಡಿಸುವ ಏರ್ಪಾಡು ಇರಬೇಕೆಂದು ‘ಯುಎಲ್ 1449’ ಎಂಬ ಅಮೆರಿಕದ ಮಾನಕ ಕೇಳುತ್ತದೆ. ಕೊಳ್ಳುವವರು ಆ ಗುರುತನ್ನು ನೋಡಬೇಕು. ಆದರೂ ಅದು ಬೆಂಕಿಯಿಂದ ಬಚಾವಾಗುವ ಮಾತಾಯಿತೇ ಹೊರತು ಟೀವಿ ಉಳಿಯುವ ಮಾತಲ್ಲ.

ಮೂರು ಕಡ್ಡಿಯ ಪ್ಲಗ್ಗಿನವರಿಗೆ ತೊಂದರೆಯಿಲ್ಲ ಎಂದುಕೊಳ್ಳಬೇಡಿ. ಅವರಿಗೆ ಕಾದಿರುವ ಅಪಾಯವೇ ಬೇರೆ. 30 ಆಂಪಿಯರಿನ ಆರ್‌ವಿ ಸಾಕೆಟ್ಟು ನೋಡಲು ಅಮೆರಿಕದ ಮನೆಗಳಲ್ಲಿ ಬಟ್ಟೆ ಒಣಗಿಸುವ ಯಂತ್ರಕ್ಕೆ ಹಿಂದೆ ಹಾಕುತ್ತಿದ್ದ ಮೂರು ಕಡ್ಡಿಯ ಸಾಕೆಟ್ಟನ್ನೇ ಹೋಲುತ್ತದೆ. ಅದು 240 ವೋಲ್ಟಿನದು. ಆರ್‌ವಿ ಕೊಂಡವನು ತನ್ನ ಹಿತ್ತಿಲಲ್ಲೊಂದು ಸಾಕೆಟ್ ಹಾಕಿಸಲು ಎಲೆಕ್ಟ್ರಿಷಿಯನ್ನನ್ನು ಕರೆಯುತ್ತಾನೆ. ಅನುಭವಸ್ಥ ಎಲೆಕ್ಟ್ರಿಷಿಯನ್ನೇ ‘30 ಆಂಪಿಯರ್ ಎಂದ ಮೇಲೆ 240 ಇರಬೇಕು’ ಎಂದು ಜೋಡಿಸಿಬಿಟ್ಟ ಪ್ರಸಂಗಗಳು ಆ ದೇಶದಲ್ಲಿ ಮತ್ತೆ ಮತ್ತೆ ನಡೆದಿವೆ. ಪ್ಲಗ್ಗು ಸಿಕ್ಕಿಸಿದ ಕ್ಷಣದಲ್ಲೇ ವಾಹನದಲ್ಲಿರುವುದೆಲ್ಲ ಎರಡರಷ್ಟು ವೋಲ್ಟೇಜು ಕುಡಿಯುತ್ತದೆ.

ಇನ್ನು, ವೋಲ್ಟೇಜು ಹೆಚ್ಚಾದರೆ ಕೇಡು, ಕಡಿಮೆಯಾದರೆ ಏನಂತೆ ಎಂಬ ಭಾವನೆ ಹಲವರಲ್ಲಿದೆ. ದೀಪಕ್ಕೆ ಸರಿ, ಮೋಟಾರಿಗೆ ಅಲ್ಲ. ಜುಲೈ ತಿಂಗಳ ಮಧ್ಯಾಹ್ನ ತಂಗುದಾಣ ತುಂಬಿದೆ, ಪ್ರತಿ ವಾಹನದ ಚಾವಣಿಯ ಮೇಲೂ ಏರ್ ಕಂಡೀಷನರ್ ಓಡುತ್ತಿದೆ. ನೆಲದಡಿಯ ತಂತಿ ಉದ್ದವಾದದ್ದು. ಹೋಗಿಬರುವ ದಾರಿಯ ರೋಧ ಅರ್ಧ ಓಮಿಗಿಂತ ಕಡಿಮೆ, ಬರಿಯ 0.4 ಓಮ್ ಎಂದೇ ಇಟ್ಟುಕೊಳ್ಳಿ. 30 ಆಂಪಿಯರ್ ಹರಿದರೆ ತಂತಿಯೇ 12 ವೋಲ್ಟ್ ನುಂಗಿತು. 120ರ ಜಾಗದಲ್ಲಿ ಉಳಿದದ್ದು 108. ಪಕ್ಕದವರೂ ಅದೇ ತಂತಿಯಿಂದ ಎಳೆದರೆ ನೂರಕ್ಕೂ ಇಳಿಯಬಹುದು. ಕಂಪ್ರೆಸರಿನ ಮೋಟಾರು ತನ್ನ ಕೆಲಸ ಬಿಡುವುದಿಲ್ಲ. ವೋಲ್ಟೇಜು ಕಡಿಮೆಯಾದಷ್ಟೂ ಹೆಚ್ಚು ಕರೆಂಟು ಎಳೆಯುತ್ತದೆ. ಸುರುಳಿಯ ಬಿಸಿ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ ಎಂಬುದು ಪಾಠದಲ್ಲೇ ಇದೆ. ಸದ್ದಿಲ್ಲ, ಕಿಡಿಯಿಲ್ಲ. ಒಂದೆರಡು ಬೇಸಿಗೆ ಹೀಗೆ ಬೆಂದ ಕಂಪ್ರೆಸರು ಯಾವುದೋ ಒಂದು ದಿನ ನಿಂತುಬಿಡುತ್ತದೆ, ಮಾಲೀಕ ಕಂಪನಿಯನ್ನು ಬೈಯುತ್ತಾನೆ. ಲೋ ವೋಲ್ಟೇಜಿನ ಊರಲ್ಲಿ ಪಂಪ್‌ಸೆಟ್ಟಿನ ಮೋಟಾರು ಸುಟ್ಟು ರಿವೈಂಡಿಂಗ್ ಮಾಡಿಸಿದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರ್ಜ್ ಪ್ರೊಟೆಕ್ಟರಿಗಂತೂ ಇಳಿದ ವೋಲ್ಟೇಜು ಕಾಣುವುದೇ ಇಲ್ಲ.

ಇಲ್ಲಿಯವರೆಗಿನದು ಹಣದ ನಷ್ಟ. ಜೀವದ ಮಾತು ಬೇರೆ ಇದೆ. ಗಾಲಿ ಮನೆ ನಿಂತಿರುವುದು ರಬ್ಬರಿನ ಟೈರುಗಳ ಮೇಲೆ. ಅದರ ಲೋಹದ ಮೈಗೂ ಭೂಮಿಗೂ ಇರುವ ಖಾತರಿಯ ನಂಟು ಒಂದೇ, ಕೇಬಲ್ಲಿನ ಹಸಿರು ತಂತಿ. ಪೆಟ್ಟಿಗೆಯಲ್ಲೋ ನಡುವಿನ ಎಕ್ಸ್‌ಟೆನ್ಷನ್ ವೈರಿನಲ್ಲೋ ಆ ತಂತಿ ಕಡಿದಿದೆ ಎನ್ನಿ. ವಾಹನದೊಳಗೆ ಎಲ್ಲೋ ನೀರು ಕಾಯಿಸುವ ಕಡ್ಡಿಯಿಂದ ವಿದ್ಯುತ್ತು ಮೈಗೆ ಸೋರುತ್ತಿದೆ. ಹೋಗಲು ದಾರಿಯಿಲ್ಲದ್ದರಿಂದ ಕರೆಂಟು ಹರಿಯದು, ಹರಿಯದ್ದರಿಂದ ಬ್ರೇಕರು ಬೀಳದು. ಒಳಗಿದ್ದವರಿಗೂ ಏನೂ ತಿಳಿಯದು. ತಂತಿಯ ಮೇಲೆ ಕೂತ ಕಾಗೆಯ ಹಾಗೆ ಅವರು ಕ್ಷೇಮ. ಮಳೆ ನಿಂತ ಮೇಲೆ ಬರಿಗಾಲಲ್ಲಿ ಹುಲ್ಲಿನ ಮೇಲೆ ಆಡಿ ಬಂದ ಮಗು ಬಾಗಿಲಿನ ಹಿಡಿಕೆ ಮುಟ್ಟಿದಾಗ, ದಾರಿಯಿಲ್ಲದ ವಿದ್ಯುತ್ತಿಗೆ ದಾರಿ ಸಿಗುತ್ತದೆ. ಅಲ್ಲಿಯವರು ಇದನ್ನು ‘ಹಾಟ್ ಸ್ಕಿನ್’ ಎನ್ನುತ್ತಾರೆ. ಆಂಪಿಯರಿನ ಸಾವಿರದ ಮೂವತ್ತು ಭಾಗ ಎದೆಯ ಮೂಲಕ ಹಾಯ್ದರೂ ಪ್ರಾಣಕ್ಕೆ ಸಂಚಕಾರ. ಆರ್‌ವಿ ಮುಟ್ಟಿದಾಗ ಸ್ವಲ್ಪ ಜುಂ ಎಂದಿತು ಎಂದು ಮಗು ಹೇಳಿದರೆ ‘ಏನೋ ಭ್ರಮೆ’ ಎಂದು ತಳ್ಳಿಹಾಕುವ ಹಿರಿಯರು ಎಲ್ಲ ದೇಶಗಳಲ್ಲೂ ಇದ್ದಾರೆ. ಆ ಮಾತು ಕಿವಿಗೆ ಬಿದ್ದ ಕೂಡಲೇ ಪೆಟ್ಟಿಗೆಯ ಬ್ರೇಕರ್ ಇಳಿಸಬೇಕು.

ಇಷ್ಟೆಲ್ಲ ತಿಳಿದ ಮೇಲೆ ಅಂಗಡಿಯಲ್ಲಿರುವ ಎರಡನೆಯ ಉಪಕರಣದ ಬೆಲೆ ಏಕೆ ಹೆಚ್ಚೆಂದು ಅರ್ಥವಾಗುತ್ತದೆ. ಅದರ ಹೆಸರು ‘ಇಎಂಎಸ್’. ವ್ಯಾರಿಸ್ಟರ್ ಅದರಲ್ಲೂ ಇರುತ್ತದೆ, ಜೊತೆಗೆ ವೋಲ್ಟೇಜನ್ನು ಸದಾ ಅಳೆಯುವ ಸರ್ಕ್ಯೂಟು, ಬಾಗಿಲು ಕಾಯುವವನಂತೆ ತೆರೆದು ಮುಚ್ಚುವ ದೊಡ್ಡ ರಿಲೇ. ಪ್ಲಗ್ ಸಿಕ್ಕಿಸಿದ ತಕ್ಷಣ ಅದು ಕರೆಂಟನ್ನು ಒಳಗೆ ಬಿಡುವುದಿಲ್ಲ. ಎರಡೂ ಬದಿ ಸರಿಯಾಗಿವೆಯೆ, ಫೇಸು ನ್ಯೂಟ್ರಲ್ ಅದಲು ಬದಲಾಗಿವೆಯೆ, ಅರ್ತ್ ಇದೆಯೆ ಎಂದು ಮೊದಲು ಪರೀಕ್ಷಿಸುತ್ತದೆ. ಎಲ್ಲ ಸರಿಯಿದ್ದರೆ ಮಾತ್ರ ರಿಲೇ ಕೂಡುತ್ತದೆ. ಆಮೇಲೂ ವೋಲ್ಟೇಜು 104ಕ್ಕಿಂತ ಇಳಿದರೆ ಅಥವಾ 132 ದಾಟಿದರೆ ಕಡಿದುಹಾಕುತ್ತದೆ. ಬಳಕೆಯಲ್ಲಿರುವ ಹೆಸರಾಂತ ಮಾದರಿಗಳ ಗಡಿಗಳಿವು. ನ್ಯೂಟ್ರಲ್ ಮಧ್ಯರಾತ್ರಿ ಬಿಚ್ಚಿಕೊಂಡರೂ ನಿದ್ದೆಯಲ್ಲಿರುವವರ ಪರವಾಗಿ ಅದು ಎಚ್ಚರವಿರುತ್ತದೆ.

ಅದೂ ಸರ್ವಜ್ಞನಲ್ಲ. ರಿಲೇ ಕಡಿಯುವುದು ಕರೆಂಟು ತರುವ ತಂತಿಗಳನ್ನು. ಹಸಿರು ತಂತಿಯನ್ನು ಅದು ಮುಟ್ಟುವುದಿಲ್ಲ. ಅರ್ತ್ ಇಲ್ಲದ ಹಳೆಯ ಸಾಕೆಟ್ಟಿನಲ್ಲಿ ಯಾರೋ ಜಾಣರು ನ್ಯೂಟ್ರಲ್ಲಿನಿಂದ ಒಂದು ತುಂಡು ತಂತಿ ಎಳೆದು ಅರ್ತಿನ ಸ್ಕ್ರೂವಿಗೆ ಕಟ್ಟಿರುತ್ತಾರೆ. ಮೇಲಾಗಿ ಫೇಸು ನ್ಯೂಟ್ರಲ್ಲನ್ನು ಅದಲು ಬದಲು ಮಾಡಿದ್ದರೆ ಹಸಿರು ತಂತಿಯೇ 120 ವೋಲ್ಟನ್ನು ಹೊತ್ತು ವಾಹನದ ಮೈಗೆ ತರುತ್ತದೆ. ಮೂರು ದೀಪದ ಟೆಸ್ಟರು ಅದನ್ನು ‘ಎಲ್ಲ ಸರಿ’ ಎಂದೇ ತೋರಿಸುತ್ತದೆ, ಏಕೆಂದರೆ ಮೂರು ಕಡ್ಡಿಗಳ ನಡುವಿನ ವ್ಯತ್ಯಾಸಗಳು ಸರಿಯಾಗಿಯೇ ಇವೆ! ಇಂಥ ಕಡೆ ಕೆಲಸಕ್ಕೆ ಬರುವುದು ತಂತಿ ಮುಟ್ಟದೆಯೇ ವಿದ್ಯುತ್ತನ್ನು ಗುರುತಿಸಿ ಕೀಂ ಎನ್ನುವ ಪೆನ್ನಿನಂಥ ಟೆಸ್ಟರ್. ತೀರ ಕಡಿಮೆ ಬೆಲೆಯದು. ಪ್ಲಗ್ ಸಿಕ್ಕಿಸಿದ ಮೇಲೆ ಅದನ್ನು ವಾಹನದ ಮೈಯ ಹತ್ತಿರ ಹಿಡಿದು ನೋಡಿದ ಬಳಿಕವೇ ಮಕ್ಕಳನ್ನು ಇಳಿಸುವ ಅಭ್ಯಾಸವನ್ನು ಮೆಚ್ಚಬೇಕು.

ಹಾಗಾದರೆ ಯಾರಿಗೆ ಏನು ಬೇಕು? ಸೌರಫಲಕ, ಬ್ಯಾಟರಿ ಹೊತ್ತು ಅರಿಜೋನಾದ ಮರುಭೂಮಿಯಲ್ಲಿ ತಿಂಗಳುಗಟ್ಟಲೆ ನಿಲ್ಲುವವರು ಯಾರ ಪೆಟ್ಟಿಗೆಗೂ ಕೇಬಲ್ ಸಿಕ್ಕಿಸುವುದಿಲ್ಲ; ಅವರಿಗೆ ಏನೂ ಬೇಡ. ತನ್ನ ಮನೆಯ ಅಂಗಳದಲ್ಲೇ ವಾಹನ ನಿಲ್ಲಿಸಿ ಬ್ಯಾಟರಿ ಚಾರ್ಜ್ ಮಾಡುವವನು ಸಾಕೆಟ್ಟನ್ನು ಒಮ್ಮೆ ಮೀಟರ್ ಹಿಡಿದು ಅಳೆದರೆ ಬಹುಮಟ್ಟಿಗೆ ಸಾಕು. ಎರಡು ದೀಪ, ಒಂದು ಫ್ಯಾನಿನ ಪುಟ್ಟ ಟ್ರೇಲರಿನವನು ಮುನ್ನೂರು ಡಾಲರು ಸುರಿಯುವುದಕ್ಕೆ ಅರ್ಥವಿಲ್ಲ, ಆದರೆ ಪೆನ್ನಿನ ಟೆಸ್ಟರ್ ಅವನಿಗೂ ಬೇಕು. ಹಾಟ್ ಸ್ಕಿನ್‌ಗೆ ವಾಹನದ ಗಾತ್ರ ಲೆಕ್ಕಕ್ಕಿಲ್ಲ. ರಾತ್ರಿಗೊಂದು ತಂಗುದಾಣ ಬದಲಿಸುತ್ತ ಏರ್ ಕಂಡೀಷನರ್ ಓಡಿಸುವ ಕುಟುಂಬಕ್ಕೆ ಇಎಂಎಸ್ ಬೇಕೇ ಬೇಕು. ಚಾವಣಿಯ ಆ ಒಂದು ಯಂತ್ರವನ್ನು ಬದಲಿಸುವ ಖರ್ಚೇ ಅದರ ಬೆಲೆಯನ್ನು ಮೀರಿಸುತ್ತದೆ. ಬಾಡಿಗೆಗೆ ಹಿಡಿಯುವವರು ವಾಹನದಲ್ಲಿ ಅದು ಜೋಡಣೆಯಾಗಿದೆಯೆ ಎಂದು ಮೊದಲೇ ಕೇಳಬೇಕು. ಎಲ್ಲಕ್ಕಿಂತ ಕೆಟ್ಟ ಆಯ್ಕೆಯೆಂದರೆ ನೂರು ಡಾಲರಿನ ಬರೀ ಸರ್ಜ್ ಪ್ರೊಟೆಕ್ಟರ್ ಕೊಂಡು ನಿಶ್ಚಿಂತೆಯಿಂದ ಮಲಗುವುದು. ಅಪರೂಪದ ಶತ್ರುವಿಗೆ ಕಾವಲಿಟ್ಟು, ದಿನನಿತ್ಯದ ಶತ್ರುವಿಗೆ ಬಾಗಿಲು ತೆರೆದಿಟ್ಟಂತೆ ಅದು.

ಸ್ಟೆಬಿಲೈಜರ್ ಕಂಡು ಬೆಳೆದ ಕನ್ನಡಿಗರು ಇನ್ನೊಂದು ಪ್ರಶ್ನೆ ಕೇಳಬಹುದು: ಕಡಿಯುವ ಬದಲು ವೋಲ್ಟೇಜನ್ನು ಏರಿಸಬಾರದೆ? ಅದಕ್ಕೂ ಯಂತ್ರವಿದೆ. ‘ಆಟೊಫಾರ್ಮರ್’ ಎಂಬುದು ಇಳಿದ ವೋಲ್ಟೇಜನ್ನು ಶೇಕಡ ಹತ್ತರಷ್ಟು ಎತ್ತಿ ಕೊಡುತ್ತದೆ. ಆದರೆ ಶಕ್ತಿ ಬಿಟ್ಟಿ ಬರುವುದಿಲ್ಲವಲ್ಲ. ಎತ್ತಿದ್ದಕ್ಕೆ ತಕ್ಕಂತೆ ಪೆಟ್ಟಿಗೆಯಿಂದ ಹೆಚ್ಚು ಕರೆಂಟು ಎಳೆಯುತ್ತದೆ, ಪಕ್ಕದ ವಾಹನದವನ ವೋಲ್ಟೇಜು ಇನ್ನಷ್ಟು ಕುಸಿಯುತ್ತದೆ. ಕೆಲವು ತಂಗುದಾಣಗಳಲ್ಲಿ ಇದಕ್ಕೆ ಅನುಮತಿಯಿಲ್ಲ. ಹತ್ತು ಮನೆಗಳ ಬೀದಿಯಲ್ಲಿ ಒಬ್ಬನೇ ನಲ್ಲಿಗೆ ಪಂಪು ಕೂರಿಸಿದರೆ ಆಗುವುದೂ ಇದೇ.

ಬಳಸುವ ಕ್ರಮವೂ ಮುಖ್ಯ. ಪೆಟ್ಟಿಗೆಯ ಬ್ರೇಕರನ್ನು ಮೊದಲು ಇಳಿಸಿ, ಸಾಕೆಟ್ಟು ಸುಟ್ಟಿದೆಯೇ ಕರಗಿದೆಯೇ ಎಂದು ಕಣ್ಣಿನಿಂದ ನೋಡಿ, ಇಎಂಎಸ್ ಸಿಕ್ಕಿಸಿ, ಅದಕ್ಕೆ ವಾಹನದ ಕೇಬಲ್ ಜೋಡಿಸಿ, ಆಮೇಲೆ ಬ್ರೇಕರ್ ಏರಿಸಬೇಕು. ಏರಿಸಿದೊಡನೆ ಕರೆಂಟು ಬರಲಿಲ್ಲವೆಂದು ಗಾಬರಿಯಾಗಬಾರದು. ಆಗಷ್ಟೇ ನಿಂತ ಕಂಪ್ರೆಸರಿಗೆ ಉಸಿರಾಡಲು ಬಿಡುವೆಂದು ಹಲವು ಮಾದರಿಗಳು ಎರಡು ನಿಮಿಷಕ್ಕೂ ಹೆಚ್ಚು ಕಾಯುತ್ತವೆ. ಪರದೆಯ ಮೇಲೆ ದೋಷದ ಸಂಕೇತ ಬಂದರೆ ಅದನ್ನು ತಂಗುದಾಣದ ಕಚೇರಿಗೆ ತೋರಿಸಿ ಬೇರೆ ಜಾಗ ಕೇಳಬೇಕೇ ಹೊರತು, ರಾತ್ರಿಯೊಂದು ಕಳೆದರೆ ಸಾಕೆಂದು ಉಪಕರಣವನ್ನು ಬದಿಗಿಟ್ಟು ನೇರವಾಗಿ ಸಿಕ್ಕಿಸಬಾರದು. ಕೊಳ್ಳುವಾಗ ಒಂದು ಸಣ್ಣ ಬೀಗ ಮತ್ತು ಸರಪಳಿಯನ್ನೂ ಕೊಳ್ಳುವವರು ಹೆಚ್ಚು; ಮುನ್ನೂರು ಡಾಲರಿನ ವಸ್ತು ರಾತ್ರಿಯಿಡೀ ಬಯಲಿನಲ್ಲಿ ತೂಗಾಡುತ್ತಿರುವುದು ಕಳ್ಳರಿಗೂ ಗೊತ್ತಿದೆ.